ಸ್ವಲ್ಪ ನಡೆದು ತೋರಿಸಮ್ಮಾ

ನನ್ನ ನಡಿಗೆಯನ್ನು ಈ ಲೋಕ ಇದುವರೆಗೆ ಎರಡು ಸಲ ಪರೀಕ್ಷೆ ಮಾಡಿದೆ. ಮೊದಲನೆಯದು ನನಗೆ ಇಪ್ಪತ್ತೆರಡಾಗಿದ್ದಾಗ, ಬಬ್ಬೂರಿನ ನಮ್ಮ ಮನೆಯ ಪಡಸಾಲೆಯಲ್ಲಿ. ಹೆಣ್ಣು ನೋಡಲು ಬಂದವರಲ್ಲಿ ಹಿರಿಯರೊಬ್ಬರು ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟು, "ಎಲ್ಲಿ, ಆ ಬಾಗಿಲತನಕ ಸ್ವಲ್ಪ ನಡೆದು ತೋರಿಸಮ್ಮಾ" ಎಂದರು. ಬಾಗಿಲತನಕ ನಡೆದೆ, ತಿರುಗಿ ಬಂದೆ. ಕುಂಟಿಲ್ಲ ಎಂಬುದು ಖಾತ್ರಿಯಾಯಿತು. ಮದುವೆಯೂ ಆಯಿತು. ಎರಡನೆಯದು ಮೂರು ವರ್ಷದ ಕೆಳಗೆ, ಮೂಳೆ ಡಾಕ್ಟರೊಬ್ಬರ ಕೋಣೆಯಲ್ಲಿ. ಅವರೂ ಹಾಗೆಯೇ ಬಾಗಿಲತನಕ ನಡೆಸಿದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ವಯಸ್ಸಾಯ್ತಲ್ಲ ಮೇಡಂ. ಅದರಲ್ಲೂ ಹೆಂಗಸರು ಬೇರೆ. ಇನ್ನು ಓಡಾಟ ಕಡಿಮೆ ಮಾಡಿ" ಎಂದು ಚೀಟಿ ಬರೆದು ಕೊಟ್ಟರು.

ಮೊದಲನೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಈಗಿಲ್ಲ, ಇದ್ದಾಗಲೂ ಒಳ್ಳೆಯವರೇ ಆಗಿದ್ದರು. ಎರಡನೆಯವರ ಮಾತು ಮಾತ್ರ ಚಪ್ಪಲಿಯೊಳಗೆ ಸೇರಿಕೊಂಡ ಮುಳ್ಳಿನ ಹಾಗೆ ಇನ್ನೂ ಚುಚ್ಚುತ್ತಿದೆ. ವಯಸ್ಸು ಮತ್ತು ಹೆಂಗಸು, ಎರಡೇ ಪದದಲ್ಲಿ ನನ್ನ ಮೊಣಕಾಲಿನ ಚರಿತ್ರೆ ಮುಗಿಯಿತು. ಚರಿತ್ರೆ ಪಾಠ ಹೇಳುವ ನನಗೇ! ನಾನು ವಿಜ್ಞಾನ ಓದಿದವಳಲ್ಲ, ಬಿ.ಎ., ಬಿ.ಎಡ್. ಮಾಡಿ ಸಮಾಜ ಪಾಠ ಹೇಳುವ ಮೇಷ್ಟ್ರಮ್ಮ. ಆದರೂ ಕಾರಣ ಕೇಳದೆ ಉತ್ತರ ಒಪ್ಪಬಾರದು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು ನನ್ನ ಕಾಲಿನ ವಿಷಯದಲ್ಲೇ ಸುಮ್ಮನಿರುವುದು ಹೇಗೆ? ನಮ್ಮ ಶಾಲೆಯ ವಿಜ್ಞಾನದ ಟೀಚರನ್ನು ಕಾಡಿ, ಅವರಿಂದ ಪುಸ್ತಕ, ಲೇಖನ ತರಿಸಿಕೊಂಡು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ.

ಓದಿದಾಗ ಮೊದಲು ಗೊತ್ತಾದ ಸಂಗತಿ ಇದು. ಮನುಷ್ಯರ ನಡಿಗೆಯನ್ನು ಶಾಸ್ತ್ರೀಯವಾಗಿ ಅಳೆದವರಲ್ಲಿ ದೊಡ್ಡ ಹೆಸರು ಅಮೆರಿಕದ ಮೇರಿ ಪೆಟ್ರೀಷಿಯಾ ಮರ್ರೆ ಅವರದು. ಆಕೆ 1964ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ್ದು ಆರೋಗ್ಯವಂತ ಗಂಡಸರ ನಡಿಗೆ. 1969ರಲ್ಲಿ ಮುದುಕರ ನಡಿಗೆ, ಅದೂ ಗಂಡಸು ಮುದುಕರದು. ಹೆಂಗಸರ ಸರದಿ ಬಂದದ್ದು 1970ರಲ್ಲಿ. ಅಳತೆಗೋಲು ಹಿಡಿದವಳೇ ಹೆಂಗಸಾಗಿದ್ದರೂ ಪಂಕ್ತಿಯಲ್ಲಿ ಮೊದಲು ಗಂಡಸರು ಉಂಡೆದ್ದರು, ಆಮೇಲೆ ನಾವು. ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ?

ವಯಸ್ಸು ಏನೂ ಮಾಡುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ನಡಿಗೆಯೆಂದರೆ ಒಂದು ಕಾಲು ಊರಿ, ಇನ್ನೊಂದನ್ನು ತೂಗಿ, ಬೀಳುವುದರೊಳಗೆ ಮತ್ತೆ ಊರಿಕೊಳ್ಳುವುದು. ಒಂದು ಕಾಲಿನ ಲೆಕ್ಕ ಹಿಡಿದರೆ ನೂರರಲ್ಲಿ ಅರವತ್ತು ಪಾಲು ಸಮಯ ಅದು ನೆಲದ ಮೇಲಿರುತ್ತದೆ, ನಲವತ್ತು ಪಾಲು ಗಾಳಿಯಲ್ಲಿ. ನಡುನಡುವೆ ಎರಡೂ ಕಾಲು ನೆಲದ ಮೇಲಿರುವ ಗಳಿಗೆಗಳು ಬರುತ್ತವೆ. ವಯಸ್ಸಾದಂತೆ ಆ ಗಳಿಗೆ ಉದ್ದವಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಹಿಮ್ಮಡಿಯ ಮೇಲಿನ ಮೀನಖಂಡ ನೆಲವನ್ನು ಹಿಂದಕ್ಕೆ ಒದ್ದು ನಮ್ಮನ್ನು ಮುಂದಕ್ಕೆ ತಳ್ಳುತ್ತದೆಯಲ್ಲ, ಆ ತಳ್ಳುವ ಬಲ ಕುಗ್ಗುತ್ತದೆ. ಅದರ ಪಾಲಿನ ಕೆಲಸವನ್ನು ಸೊಂಟದ ಸ್ನಾಯುಗಳು ಮೈಮೇಲೆ ಹಾಕಿಕೊಳ್ಳುತ್ತವೆ. ಮನೆಯಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರು ಒಲೆ ಮುಂದೆ ನಿಲ್ಲುವ ಹಾಗೆ. ಅರವತ್ತು ದಾಟಿದ ಮೇಲೆ ವೇಗ ಇಳಿಯುವುದು ಗಂಡಸರಿಗೂ ಉಂಟು, ಹೆಂಗಸರಿಗೂ ಉಂಟು. ಮುಟ್ಟು ನಿಂತ ಮೇಲೆ ನಮ್ಮ ಮೂಳೆ ಬೇಗ ಸವೆಯುತ್ತದೆ, ಮೊಣಕಾಲಿನ ಸಂಧಿವಾತ ಗಂಡಸರಿಗಿಂತ ನಮಗೇ ಹೆಚ್ಚು. ಇದೆಲ್ಲ ನಿಜ.

ಆದರೆ ಹೆಂಗಸಿನ ಹೆಜ್ಜೆ ಗಿಡ್ಡ ಎನ್ನುವುದರಲ್ಲಿ ಬಹುಪಾಲು ಅವಳ ಎತ್ತರದ ಲೆಕ್ಕ. ಕಾಲು ಗಿಡ್ಡವಿದ್ದರೆ ಹೆಜ್ಜೆಯೂ ಗಿಡ್ಡ, ಅದನ್ನು ತುಂಬಿಕೊಳ್ಳಲು ನಾವು ನಿಮಿಷಕ್ಕೆ ಹೆಚ್ಚು ಹೆಜ್ಜೆ ಹಾಕುತ್ತೇವೆ. ನಮ್ಮ ಸೊಂಟದ ಮೇಲಿದ್ದ ಇನ್ನೊಂದು ಅಪವಾದ ಕೇಳಿ. ಹೆರಿಗೆಗಾಗಿ ಸೊಂಟ ಅಗಲವಾಗಿದೆ, ಆದ್ದರಿಂದ ನಡೆಯುವುದರಲ್ಲಿ ಹೆಂಗಸು ಗಂಡಸಿಗಿಂತ ಸೋಲುತ್ತಾಳೆ, ಶಕ್ತಿ ಹೆಚ್ಚು ಖರ್ಚು ಮಾಡುತ್ತಾಳೆ ಎಂದು ಪಂಡಿತರು ಬಹಳ ಕಾಲ ಬರೆದುಕೊಂಡು ಬಂದರು. 2015ರಲ್ಲಿ ಅನ್ನಾ ವಾರೆನರ್ ಎಂಬಾಕೆ ಮತ್ತು ಜೊತೆಗಾರರು ಗಂಡಸರನ್ನೂ ಹೆಂಗಸರನ್ನೂ ನಡೆಸಿ, ಓಡಿಸಿ, ಉಸಿರನ್ನು ಅಳೆದು ನೋಡಿದರು. ಅಗಲ ಸೊಂಟಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ ಎಂದು ಕಂಡಿತು. ಅಳೆಯದೆಯೇ ಹೊರಿಸಿದ್ದ ದಂಡ!

ನಮ್ಮ ಕವಿಗಳನ್ನೂ ಇಲ್ಲಿ ಒಂದು ಮಾತು ಕೇಳಬೇಕು. ಹೆಣ್ಣೆಂದರೆ ಗಜಗಮನೆ, ಹಂಸಗಮನೆ, ಮಂದಗಮನೆ. ಹಂಸ ನೀರಿನಲ್ಲಿ ಚೆಂದವೇ, ನೆಲಕ್ಕೆ ಬಂದರೆ ಅದೂ ಬಾತುಕೋಳಿಯ ಹಾಗೆಯೇ ಓಲಾಡುತ್ತದೆ. ಆನೆಯ ವಿಷಯ ಬೇಡವೇ ಬೇಡ. ಕಾವ್ಯದಲ್ಲಿ ಮಂದಗಮನೆ ಎಂದು ಹೊಗಳಿದ್ದನ್ನೇ ಬಸ್‌ಸ್ಟ್ಯಾಂಡಿನಲ್ಲಿ "ಬೇಗ ಹತ್ತಮ್ಮಾ" ಎಂದು ಬೈಯುತ್ತಾರೆ. ನಾವು ಯಾವುದಕ್ಕೆ ತಕ್ಕ ಹಾಗೆ ನಡೆಯಬೇಕು? ಮದುವೆಯಾಗಿ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದ ದಿನದಿಂದ ನಮ್ಮ ಕಾಲಿಗೆ 'ಕಾಲ್ಗುಣ' ಎಂಬ ಜವಾಬ್ದಾರಿ ಬೇರೆ. ಎಮ್ಮೆ ಸತ್ತರೂ ಸೊಸೆಯ ಕಾಲ್ಗುಣ, ಬೋರ್‌ವೆಲ್‌ನಲ್ಲಿ ನೀರು ಬಂದರೂ ಸೊಸೆಯ ಕಾಲ್ಗುಣ. ಆ ಕಾಲಿಗೆ ಒಳ್ಳೆಯ ಚಪ್ಪಲಿ ಇದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಭಾನುವಾರ ಶಾಲೆಯ ವರಾಂಡದಲ್ಲಿ ನಾನೇ ಒಂದು ಪ್ರಯೋಗ ಮಾಡಿದೆ. ಸೀಮೆಸುಣ್ಣದಲ್ಲಿ ಹತ್ತು ಮೀಟರಿನ ಗೆರೆ ಎಳೆದೆ, ವಿಜ್ಞಾನದ ಟೀಚರು ಗಡಿಯಾರ ಹಿಡಿದರು. ಮೊದಲು ನಾನು ದಿನವೂ ಹೋಗುವ ವೇಷ: ಗಂಜಿ ಹಾಕಿದ ಸೀರೆ, ತೆಳು ಅಟ್ಟೆಯ ಚಪ್ಪಲಿ, ಎಡ ಹೆಗಲಿಗೆ ಉತ್ತರಪತ್ರಿಕೆಯ ಚೀಲ, ಬಲಗೈಯಲ್ಲಿ ನೆರಿಗೆ. ಹನ್ನೊಂದು ಸೆಕೆಂಡು ಹಿಡಿಯಿತು. ಆಮೇಲೆ ಮಗಳ ಚೂಡಿದಾರ ಹಾಕಿಕೊಂಡು, ಕಾಲಿಗೆ ಬೂಟು ಏರಿಸಿ, ಕೈ ಖಾಲಿ ಬಿಟ್ಟು ನಡೆದೆ. ಎಂಟು ಸೆಕೆಂಡು. ಅದೇ ಮೊಣಕಾಲು, ಅದೇ ವಯಸ್ಸು, ಹೆಂಗಸಂತೂ ಅದೇ. ಒಂದರಲ್ಲಿ ಸೆಕೆಂಡಿಗೆ 0.9 ಮೀಟರು, ಇನ್ನೊಂದರಲ್ಲಿ 1.25. ನಡುವಿನ ಮೂರು ಸೆಕೆಂಡನ್ನು ಡಾಕ್ಟರು ಯಾವ ಖಾತೆಗೆ ಬರೆಯುತ್ತಾರೆ?

ಸೀರೆಯ ಮೇಲೆ ನನಗೆ ದ್ವೇಷವಿಲ್ಲ, ನನ್ನ ಪೆಟ್ಟಿಗೆ ತುಂಬ ಅವೇ ಇವೆ. ಆದರೆ ಪಾದದವರೆಗೆ ನೆರಿಗೆ ಬಿಟ್ಟು ಉಡುವುದು ನಡೆಯುವವರ ಉಡುಗೆಯಲ್ಲ. ಬಬ್ಬೂರಿನ ಎರೆಹೊಲದಲ್ಲಿ ಕಳೆ ತೆಗೆಯುವ ಹೆಂಗಸರನ್ನು ನೋಡಿ. ಸೀರೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಳೆ ಬಂದು ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿದರೂ ದಾಪುಗಾಲು ಹಾಕುತ್ತಾರೆ. ನನ್ನಜ್ಜಿ ಕಚ್ಚೆ ಉಡುತ್ತಿದ್ದಳು. ಎಪ್ಪತ್ತರಲ್ಲೂ ಅವಳ ಹಿಂದೆ ನಡೆಯಲು ನಾವು ಮಕ್ಕಳು ಓಡಬೇಕಿತ್ತು. ನಾವು ಓದಿ, ಪಟ್ಟಣ ಸೇರಿ, ಮರ್ಯಾದಸ್ಥರಾದೆವು. ನೆರಿಗೆ ಉದ್ದವಾಯಿತು, ಹೆಜ್ಜೆ ಗಿಡ್ಡವಾಯಿತು.

ಈಗ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬೆಲ್ಲಾದ ಕೂಡಲೇ ವರಾಂಡದಲ್ಲಿ ಧಡಧಡನೆ ಓಡುತ್ತಿದ್ದಳು. ಒಂದು ದಿನ ಎಲ್ಲರೆದುರು ನಿಲ್ಲಿಸಿ, "ಹುಡುಗೀನೇನೇ ನೀನು? ನೆಲ ನಡುಗೋ ಹಾಗೆ ನಡೀತೀಯಲ್ಲ, ಗಂಡುಬೀರಿ" ಎಂದೆ. ಗಂಡುಹುಡುಗರು ನಕ್ಕರು. ನನ್ನ ಅತ್ತೆ ನನಗೆ ಹೇಳಿದ್ದನ್ನೇ ನಾನು ಅವಳಿಗೆ ದಾಟಿಸಿದ್ದೆ. ಮಾರನೆಯ ದಿನದಿಂದ ಅವಳು ಗೋಡೆಗೆ ಅಂಟಿಕೊಂಡು, ಪುಸ್ತಕವನ್ನು ಎದೆಗೆ ಅವುಚಿಕೊಂಡು ನಡೆಯತೊಡಗಿದಳು. ಎಂಥ ವಿನಯ ಬಂತು ಎಂದು ಆಗ ಬೀಗಿದ್ದೆ. ಬಹಳ ವರ್ಷದ ಮೇಲೆ ಹಿರಿಯೂರಿನ ಸಂತೆಯಲ್ಲಿ ಎರಡು ಮಕ್ಕಳ ತಾಯಾಗಿ ಸಿಕ್ಕಳು. ಅಷ್ಟು ಅಗಲದ ದಾರಿಯಲ್ಲಿ ಅಂಗಡಿಗಳ ಅಂಚು ಹಿಡಿದೇ ನಡೆಯುತ್ತಿದ್ದಳು. ಅದಕ್ಕೆ ನನ್ನ ಮಾತೊಂದೇ ಕಾರಣವಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ನನ್ನ ಮಾತೂ ಅದರಲ್ಲಿತ್ತು.

ಎಂಟನೇ ಕ್ಲಾಸಿಗೆ ಬಂದ ಹೆಣ್ಣುಮಕ್ಕಳನ್ನು ಗಮನಿಸಿ. ಬೇಸಿಗೆ ರಜೆಗೆ ಮುಂಚೆ ಕೈ ಬೀಸಿ ನಡೆಯುತ್ತಿದ್ದವರು ರಜೆ ಮುಗಿಸಿ ಬಂದಾಗ ಕೈ ಕಟ್ಟಿರುತ್ತಾರೆ. ಮೈ ಬೆಳೆದಿರುತ್ತದೆ, ಬೀದಿಯ ಕಣ್ಣುಗಳು ಬಿದ್ದಿರುತ್ತವೆ. ಚೀಲ ಬೆನ್ನಿನಿಂದ ಎದೆಗೆ ಬರುತ್ತದೆ, ಭುಜ ಒಳಗೆ ಮಡಚುತ್ತದೆ. ನಡೆಯುವಾಗ ಕೈ ಬೀಸುವುದು ಠೀವಿಗಲ್ಲ. 2009ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಅಳೆದಂತೆ, ಕೈಗಳನ್ನು ಬೀಸದೆ ಬಿಗಿಹಿಡಿದು ನಡೆದರೆ ಮೈ ಶೇಕಡಾ 12ರಷ್ಟು ಹೆಚ್ಚು ಶಕ್ತಿ ಸುಡುತ್ತದೆ. ಹದಿಮೂರನೆಯ ವಯಸ್ಸಿನಿಂದ ದಿನವೂ ಈ ತೆರಿಗೆ ಕಟ್ಟುತ್ತಾ ಬಂದವಳು ಐವತ್ತಕ್ಕೆ ದಣಿದರೆ ಅದು ಹೆಣ್ಣಿನ ಪ್ರಕೃತಿಯಂತೆ!

ಹೊರೆಯ ವಿಷಯಕ್ಕೆ ಬರೋಣ. ಕೀನ್ಯಾ ದೇಶದ ಲುವೋ ಮತ್ತು ಕಿಕುಯು ಹೆಂಗಸರ ಮೇಲೆ ನಡೆಸಿದ ಪರೀಕ್ಷೆಯೊಂದು 1986ರಲ್ಲಿ ಪ್ರಕಟವಾಯಿತು. ಲುವೋ ಹೆಂಗಸರು ತಲೆಯ ಮೇಲೆ ಹೊರುತ್ತಾರೆ, ಕಿಕುಯು ಹೆಂಗಸರು ಹಣೆಗೆ ಪಟ್ಟಿ ಕಟ್ಟಿ ಬೆನ್ನಿನ ಮೇಲೆ. ತಮ್ಮ ಮೈತೂಕದ ಐದನೆಯ ಒಂದು ಭಾಗದವರೆಗೆ ಹೊತ್ತರೂ ಅವರಿಗೆ ಬರಿಗೈಯಲ್ಲಿ ನಡೆದದ್ದಕ್ಕಿಂತ ಹೆಚ್ಚು ಶಕ್ತಿ ಖರ್ಚಾಗಲಿಲ್ಲ. ಗಡಿಯಾರದ ಲೋಲಕದಂತೆ ಮೈಯನ್ನು ತೂಗಿಸಿ ನಡೆಯುವುದನ್ನು ಅವರ ಮೈ ಚಿಕ್ಕಂದಿನಿಂದಲೇ ಕಲಿತಿತ್ತು. ಇದನ್ನೋದಿ ನಾನೂ ಹಿಗ್ಗಿದೆ, ಹೊರುವ ವಿದ್ಯೆಯಲ್ಲಿ ನಾವೇ ಮುಂದು ಎಂದು. ಆಮೇಲೆ ಭಯವಾಯಿತು. ಖರ್ಚಿಲ್ಲ ಎಂದು ಗೊತ್ತಾದರೆ ಇನ್ನೊಂದು ಕೊಡ ಹೊರಿಸುವುದಿಲ್ಲವೇ? ಎಲ್ಲರಿಗೂ ಹಾಗಾಗುವುದಿಲ್ಲ, ಕತ್ತು ನೋಯುತ್ತದೆ ಎಂಬುದೂ ನಂತರದ ಪರೀಕ್ಷೆಗಳಲ್ಲಿ ಕಂಡಿದೆ. ಕೊಡ ಹೊತ್ತವರನ್ನು ಕೇಳಿದ್ದರೆ ಪರೀಕ್ಷೆಯಿಲ್ಲದೆಯೇ ಹೇಳುತ್ತಿದ್ದರು.

2022ರ ಸೆಪ್ಟೆಂಬರಿನಲ್ಲಿ ನಮ್ಮ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬಿತ್ತಲ್ಲ, ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಯಿತು, ನಾವೂ ಹೋದೆವು. ಅಲ್ಲಿ ನೀರಿಗಿಂತ ಹೆಚ್ಚಾಗಿ ನಾನು ನೋಡಿದ್ದು ಸಂಸಾರಗಳು ನಡೆಯುವ ಕ್ರಮವನ್ನು. ಮುಂದೆ ಗಂಡಸು, ಬರಿಗೈ. ಹತ್ತು ಹೆಜ್ಜೆ ಹಿಂದೆ ಹೆಂಗಸು: ಸೊಂಟದ ಮೇಲೆ ಮಗು, ಹೆಗಲಿಗೆ ಚೀಲ, ಕೈಯಲ್ಲಿ ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ. ಆಗಾಗ ಗಂಡಸು ಹಿಂದೆ ತಿರುಗಿ "ಬೇಗ ಬಾರೇ" ಎನ್ನುತ್ತಿದ್ದ. ಸೊಂಟದ ಒಂದೇ ಕಡೆ ಹತ್ತು ಕಿಲೋ ಕೂರಿಸಿಕೊಂಡವಳು ಓಲಾಡದೆ ನಡೆಯಲು ಸಾಧ್ಯವೇ? 2013ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸಂಶೋಧಕಿಯರಿಬ್ಬರು ಪ್ರಕಟಿಸಿದ ಸಂಗತಿಯೊಂದಿದೆ. ಗಂಡಸು ತಾನು ಪ್ರೀತಿಸುವ ಹೆಂಗಸಿನ ಜೊತೆ ನಡೆಯುವಾಗ ತನ್ನ ವೇಗ ಇಳಿಸಿ ಅವಳಿಗೆ ಹೊಂದಿಕೊಳ್ಳುತ್ತಾನಂತೆ. ನಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿದೆ. "ಅದು ಅಮೆರಿಕಾದಲ್ಲಿ" ಎಂದು ಪೇಪರಿನಿಂದ ಮುಖ ಎತ್ತದೆ ಹೇಳಿದರು.

ನಮ್ಮ ಜಿಲ್ಲೆಯ ಮಟ್ಟಿಗೆ ವಯಸ್ಸಿನ ತಲೆಗೆ ಕಟ್ಟುವ ಇನ್ನೊಂದು ದೋಷವಿದೆ. ನೀರಿನದು. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಂದು ಕಲೆ ಬೀಳುತ್ತದೆ, ಆಮೇಲೆ ಬೆನ್ನು, ಸೊಂಟ, ಮಂಡಿ ಬಿಗಿಯುತ್ತವೆ. ಬಗ್ಗಿದವರು ನೆಟ್ಟಗಾಗರು, ನೆಟ್ಟಗಿದ್ದವರು ಬಗ್ಗರು. ನಮ್ಮ ನೆಂಟರ ಹಳ್ಳಿಯೊಂದರಲ್ಲಿ ನಲವತ್ತೈದಕ್ಕೇ ಕೋಲು ಹಿಡಿದವರಿದ್ದರು. "ವಯಸ್ಸಾತಲ್ಲ" ಎಂದೇ ಎಲ್ಲರೂ ಅಂದುಕೊಂಡಿದ್ದರು. ಅದೇ ವಯಸ್ಸಿನ ಅವರ ತಮ್ಮ, ಬೇರೆ ಊರಿನ ನೀರು ಕುಡಿದವರು, ಸೈಕಲ್ಲು ತುಳಿಯುತ್ತಿದ್ದರು.

ಈಗ ನನ್ನ ನಿಜವಾದ ಜಗಳ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಒಬ್ಬಳಿದ್ದಾಳೆ, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಕಳೆದ ವರ್ಷ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಿ, ಅದು ಎಟುಕದೆ ಹಿಂದಕ್ಕೆ ಬಿದ್ದು ಮುಂಗೈ ಮುರಿದುಕೊಂಡಳು. ಬಸ್ಸಿನೊಳಗಿದ್ದವರು ಹೇಳಿದ್ದು, "ವಯಸ್ಸಾದೋರು ನೋಡ್ಕೊಂಡು ಹತ್ಬಾರ್ದಾ?" ಅವಳೂ ಅದನ್ನೇ ನಂಬಿದ್ದಳು. "ನನ್ ಕಾಲು ನನ್ ಮಾತ್ ಕೇಳಲ್ಲ ಮೇಡಮ್ಮೋರೆ, ವಯಸ್ಸಾತು" ಎಂದಳು. ಆ ವಾರ ನಾನು ಚೀಲದಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಓಡಾಡಿದೆ. ಅವಳು ದಿನವೂ ಹತ್ತುವ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ 42 ಸೆಂಟಿಮೀಟರು. ಚರಂಡಿಯ ಪಕ್ಕದ ತಗ್ಗಿನಲ್ಲಿ ನಿಲ್ಲಿಸಿದರೆ ಅದೇ 50 ದಾಟುತ್ತದೆ. ನಾವು ಮನೆಗೆ ಕಟ್ಟಿಸುವ ಮೆಟ್ಟಿಲು ಹದಿನೈದರಿಂದ ಹದಿನೆಂಟು. ಐದಡಿಯೂ ಇಲ್ಲದ ಹೆಂಗಸು ಮೊಣಕಾಲಿಗಿಂತ ಮೇಲಕ್ಕೆ ಪಾದ ಎತ್ತಿ, ಒಂಟಿ ಕಾಲಿನ ಮೇಲೆ ಇಡೀ ಮೈಯನ್ನು, ಜೊತೆಗೆ ತರಕಾರಿ ಚೀಲವನ್ನು ಏರಿಸಬೇಕು, ಅದೂ ಡ್ರೈವರು ಕ್ಲಚ್ಚಿನಿಂದ ಕಾಲು ತೆಗೆಯುವುದರೊಳಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ಟಿಲ್ಲದ ಪ್ರಯಾಣ. ನಾನು ಅದನ್ನು ಮನಸಾರೆ ಮೆಚ್ಚಿದವಳು. ಟಿಕೆಟ್ಟಿನ ದುಡ್ಡು ಉಳಿಯಿತು. ಮೆಟ್ಟಿಲಿನ ಎತ್ತರವೂ ಹಾಗೇ ಉಳಿಯಿತು.

ರಸ್ತೆಯದೂ ಇದೇ ಕಥೆ. ದೊಡ್ಡ ಊರುಗಳಲ್ಲಿ ರಸ್ತೆ ದಾಟಲು ಹಸಿರು ದೀಪ ಇಡುತ್ತಾರಲ್ಲ, ಅದನ್ನು ಲೆಕ್ಕ ಹಾಕುವಾಗ ನಡೆಯುವವರ ವೇಗವನ್ನು ಎಂಜಿನಿಯರುಗಳು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರೆಂದು ಹಿಡಿಯುತ್ತಾರೆ. ಹದಿನಾಲ್ಕು ಮೀಟರಿನ ರಸ್ತೆಗೆ ಹನ್ನೆರಡು ಸೆಕೆಂಡು ಸಾಕು ಎಂದಾಯಿತು. ಸೀರೆಯುಟ್ಟು ಚೀಲ ಹಿಡಿದ ನಾನು ಆ ಹನ್ನೆರಡು ಸೆಕೆಂಡಿನಲ್ಲಿ ಹನ್ನೊಂದು ಮೀಟರು ಹೋಗಿರುತ್ತೇನೆ. ಉಳಿದ ಮೂರು ಮೀಟರು ಲಾರಿಯವರ ದಯೆ. ಅಮೆರಿಕದವರು 2009ರಲ್ಲಿ ತಮ್ಮ ನಿಯಮದಲ್ಲಿ ಸೆಕೆಂಡಿಗೆ 4 ಅಡಿ ಇದ್ದದ್ದನ್ನು ಮೂರೂವರೆ ಅಡಿಗೆ ಇಳಿಸಿದರು, ನಿಧಾನದವರಿಗೂ ರಸ್ತೆ ಬೇಕು ಎಂದು. ನಮ್ಮ ಹಿರಿಯೂರಿನ ಮಗ್ಗುಲಲ್ಲಿ ಹೆದ್ದಾರಿ ಹಾದುಹೋಗುತ್ತದೆ. ಅದನ್ನು ದಾಟುವ ಮುದುಕಿಯರು ಸೆರಗನ್ನು ಬಿಗಿಮಾಡಿಕೊಂಡು, ಮನೆದೇವರನ್ನು ನೆನೆದು ಓಡುತ್ತಾರೆ. ಮಂಡಿಯಲ್ಲಿ ಶಕ್ತಿಯಿಲ್ಲ ಎಂದು ಇವರ ಬಗ್ಗೆ ಬರೆಯುತ್ತಾರೆ!

ಇನ್ನು ಆ ಚೀಟಿ, "ಓಡಾಟ ಕಡಿಮೆ ಮಾಡಿ." ನನ್ನ ಓದಿನಲ್ಲಿ ಕಂಡದ್ದು ತದ್ವಿರುದ್ಧ. ಸವೆದ ಮೊಣಕಾಲಿಗೆ ತೊಡೆಯ ಸ್ನಾಯು ಆಸರೆ, ಕೂತರೆ ಆ ಆಸರೆಯೂ ಹೋಗುತ್ತದೆ. ತಕ್ಕ ವ್ಯಾಯಾಮ, ತಕ್ಕ ನಡಿಗೆ ಇವೇ ಮದ್ದಿನ ಮೊದಲ ಪಾಲು. 1990ರಲ್ಲಿ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ, ವೃದ್ಧಾಶ್ರಮ ಸೇರಿದ್ದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅವರ ತೊಡೆಯ ಬಲ ದುಪ್ಪಟ್ಟನ್ನೂ ಮೀರಿತು, ನಡಿಗೆಯೂ ಚುರುಕಾಯಿತು. ತೊಂಬತ್ತರ ಅಜ್ಜಿಯರಿಗೆ ಆಗುವುದು ಐವತ್ತರ ನಮಗೆ ಆಗದೇ? ನಾನು ಇನ್ನೊಬ್ಬ ಡಾಕ್ಟರಲ್ಲಿ ಹೋದೆ, ವ್ಯಾಯಾಮ ಹೇಳಿಸಿಕೊಂಡೆ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಬೆಳಿಗ್ಗೆ ಐದೂವರೆಗೆ ಬೂಟು ಹಾಕಿ ಹೊರಡುತ್ತೇನೆ. ನೋವು ಪೂರಾ ಹೋಗಿದೆ ಎಂದು ಸುಳ್ಳು ಹೇಳಲಾರೆ. ಮೆಟ್ಟಿಲು ಇಳಿಯುವಾಗ ಈಗಲೂ ಕಟಕ್ಕೆನ್ನುತ್ತದೆ. ಮೊದಮೊದಲು ಸೀರೆ ಮೇಲೆ ಬೂಟು ಕಂಡು ಬೀದಿಯವರು ನಕ್ಕರು, ಈಗ ಅವರಲ್ಲಿ ಮೂವರು ಜೊತೆಗೆ ಬರುತ್ತಾರೆ.

ಹೋದ ವೈಶಾಖದಲ್ಲಿ ತಂಗಿಯ ಮಗಳನ್ನು ನೋಡಲು ಬಂದಿದ್ದರು. ಕಾಲ ಬದಲಾಗಿದೆ, ಹುಡುಗಿ ಎಂ.ಎಸ್ಸಿ. ಓದಿದ್ದಾಳೆ. ಆದರೂ ಹುಡುಗನ ಕಡೆಯ ಅಜ್ಜಿಯೊಬ್ಬರು ಕಾಫಿ ಕುಡಿದು ಲೋಟ ಇಟ್ಟು, "ಅಲ್ಲೀತನಕ ಹೋಗಿ ಬಾರಮ್ಮ, ನೋಡಣ" ಎಂದರು. ನನ್ನ ಬಾಯಿ ತಡೆಯಲಿಲ್ಲ. "ಹುಡುಗನೂ ಒಂದ್ಸಲ ನಡೀಲಿ ಅಜ್ಜಿ, ಇಬ್ಬರೂ ಜೊತೇಲೇ ಹೋಗಿ ಬರಲಿ" ಎಂದೆ. ಹುಡುಗ ನಕ್ಕು ಎದ್ದೇ ನಿಂತ, ಒಳ್ಳೆಯ ಹುಡುಗನೇ ಇರಬೇಕು. ಅವನ ಅಪ್ಪ ಅವನ ಕೈ ಹಿಡಿದು ಕೂರಿಸಿದರು. ಸಂಬಂಧ ಕೂಡಲಿಲ್ಲ. ತಂಗಿ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಳು.

ಬಸ್ಸಿನ ಮೆಟ್ಟಿಲಿನ ಬಗ್ಗೆ ಅರ್ಜಿ ಬರೆದು, ಅಳತೆಗಳನ್ನೆಲ್ಲ ನಮೂದಿಸಿ, ಮೊದಲ ಮೆಟ್ಟಿಲಿನ ಕೆಳಗೆ ಮಡಚುವ ಇನ್ನೊಂದು ಮೆಟ್ಟಿಲು ಹಾಕಿಸಿ ಎಂದು ಕೇಳಿ, ಊರಿನ ಹೆಂಗಸರ ಸಹಿ ಮಾಡಿಸಿದೆ. ಬಿಸಿಯೂಟದ ಅಕ್ಕ ಮುರಿದಿದ್ದ ಕೈಯಲ್ಲೇ ನಿಧಾನವಾಗಿ ಸಹಿ ಹಾಕಿದಳು. ಇಬ್ಬರೂ ಕೂಡಿ ಕೊಡಲು ಹೋದೆವು. ಕಚೇರಿ ಮಹಡಿಯ ಮೇಲಿತ್ತು. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತಳು, "ನೀವ್ ಹೋಗ್ ಬರ್ರಿ" ಎಂದಳು. ನಾನು ಕಂಬಿ ಹಿಡಿದು ಹತ್ತಿ, ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಇಳಿದೆ. ಮೆಟ್ಟಿಲು ಇಪ್ಪತ್ತೆರಡಿದ್ದವು.